ಕಸದ ಸಮಿತಿ ಬೇರೆ, ನೀರಿನ ಸಮಿತಿ ಬೇರೆ: ಎರಡನ್ನೂ ಒಂದು ಮಾಡಬೇಕಾ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ನಮ್ಮ ವಸತಿ ಸಮುಚ್ಚಯದಲ್ಲಿ 180 ಮನೆಗಳಿವೆ. ಹೋದ ವಾರ ಒಂದು ತಾಸು ಜೋರು ಮಳೆ ಬಂತು. ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಬರೀ ಮಳೆ ನೀರಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಮೋರಿ ನೀರೂ ಸೇರಿಕೊಂಡು ಬಂದಿತ್ತು.

ಮಾರನೇ ದಿನ ಒಳಚರಂಡಿಯ ಕೊಳವೆಗಳು ಸೇರುವ ಗುಂಡಿಯ, ಅಂದರೆ ಚೇಂಬರಿನ ಮುಚ್ಚಳ ತೆಗೆಸಿದೆವು. ನಾನೂ ಪಕ್ಕದಲ್ಲೇ ನಿಂತು ನೋಡಿದೆ. ಯಂತ್ರದ ಕೊಕ್ಕೆಗೆ ಮೊದಲು ಸಿಕ್ಕಿದ್ದು ಕೂದಲಿನ ಉಂಡೆ. ಜಿಡ್ಡು ಮೆತ್ತಿಕೊಂಡು ಮೇಣದ ಹಾಗೆ ಗಟ್ಟಿಯಾಗಿತ್ತು. ಅದರ ಹಿಂದೆ ತೆಳು ಪ್ಲಾಸ್ಟಿಕ್ ಕವರುಗಳು, ಒದ್ದೆ ಟಿಶ್ಯೂ, ಆಮೇಲೆ ಒಂದು ಡೈಪರ್. ನೀರು ಕುಡಿದು ದಿಂಬಿನಷ್ಟು ಊದಿಕೊಂಡು ಕೊಳವೆಯ ಬಾಯಿಗೇ ಕೂತಿತ್ತು.

ಸಭೆ ಕರೆದೆವು. ನೀರಿನ ಸಮಿತಿಯವರು "ಇದು ಕಸದ ತೊಂದರೆ" ಎಂದರು. ಕಸದ ಸಮಿತಿಯವರು "ಚರಂಡಿ ನಮಗೆ ಸೇರಿದ್ದಲ್ಲ" ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹಣ ಬೇರೆ, ಲೆಕ್ಕದ ಪುಸ್ತಕ ಬೇರೆ, ಕೆಲಸದವರೂ ಬೇರೆ. ನಡುವೆ ಬಿದ್ದದ್ದನ್ನು ಎತ್ತುವವರು ಯಾರೂ ಇಲ್ಲ. ಎರಡೂ ಸಮಿತಿಗಳನ್ನು ಒಂದು ಮಾಡೋಣ ಅಂತ ನನಗೆ ಅನಿಸುತ್ತಿದೆ. ಇದರಲ್ಲಿ ಕೈಯಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಜಾಲರಿ

ಮಳೆಹನಿ ಅವರೇ, ನಾನು ಹದಿನಾಲ್ಕು ವರ್ಷದಿಂದ ಕೊಳಚೆ ನೀರು ಶುದ್ಧೀಕರಣ ಘಟಕ ನಡೆಸುತ್ತಿದ್ದೇನೆ. ನೀವು ನೋಡಿದ್ದನ್ನು ನಾನು ದಿನಾ ಬೆಳಿಗ್ಗೆ ನೋಡುತ್ತೇನೆ. ಘಟಕದ ಬಾಗಿಲಲ್ಲೇ ಕಬ್ಬಿಣದ ಜಾಲರಿ ಇರುತ್ತದೆ. ನೀರು ಒಳಗೆ ಹೋಗುತ್ತದೆ, ಉಳಿದದ್ದೆಲ್ಲ ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಪಂಪು ಕೆಟ್ಟದ್ದು ನೀರಿನಿಂದ ಅಂತ ನನಗೆ ನೆನಪೇ ಇಲ್ಲ. ಕೆಟ್ಟದ್ದೆಲ್ಲ ಬಟ್ಟೆ ಚೂರು, ಕೂದಲು, ಒರೆಸುವ ಒದ್ದೆ ಟಿಶ್ಯೂಗಳಿಂದ.

ಆ ಒದ್ದೆ ಟಿಶ್ಯೂ ಬಗ್ಗೆ ಎರಡು ಮಾತು. ಕಮೋಡಿಗೆ ಹಾಕಬಹುದು ಅಂತ ಕೆಲವು ಪೊಟ್ಟಣಗಳ ಮೇಲೆ ಬರೆದಿರುತ್ತಾರೆ. ದಯವಿಟ್ಟು ನಂಬಬೇಡಿ. ತುಂಬ ಟಿಶ್ಯೂಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ನೀರಲ್ಲಿ ಕರಗಲ್ಲ. ಎಳೆಗೆ ಎಳೆ ಸುತ್ತಿಕೊಂಡು ಹಗ್ಗವಾಗುತ್ತದೆ. ಅದಕ್ಕೆ ಪಾತ್ರೆ ತೊಳೆದ ಜಿಡ್ಡು ಅಂಟಿದರೆ ಮುಗೀತು. 2017ರಲ್ಲಿ ಲಂಡನ್ನಿನ ಒಂದು ಒಳಚರಂಡಿಯಲ್ಲಿ ಹೀಗೆ ಬೆಳೆದ ಜಿಡ್ಡಿನ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅದನ್ನು ಒಡೆದು ತೆಗೆಯೋಕೆ ವಾರಗಳೇ ಹಿಡಿದವು.

ಹಾಗಾಗಿ ನನ್ನ ಉತ್ತರ: ಹೌದು, ಒಂದು ಮಾಡಿ. ಕಸವನ್ನು ಸರಿಯಾಗಿ ಎತ್ತದಿದ್ದರೆ ಅದು ಕೊನೆಗೆ ನಮ್ಮ ಜಾಲರಿಗೇ ಬರುತ್ತದೆ.

ಲೆಕ್ಕದವರು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸಮಿತಿ ಒಂದಾದರೆ ಸಭೆ ಜಾಸ್ತಿಯಾಗುತ್ತದೆ, ಕೆಲಸ ನಿಧಾನವಾಗುತ್ತದೆ. ದೊಡ್ಡ ಕೊಳವೆ ಹಾಕಿಸಿ, ಒಳ್ಳೆ ಪಂಪು ತನ್ನಿ. ಕಸವನ್ನು ಸುಟ್ಟು ವಿದ್ಯುತ್ ಮಾಡುವ ಕಡೆ ಕಳಿಸಿ. ಎರಡೂ ಸಮಸ್ಯೆ ಬೇರೆ ಬೇರೆಯಾಗಿಯೇ ಮುಗಿಯುತ್ತವೆ ಅಲ್ವಾ?

ತಿಪ್ಪೆಗುಂಡಿ

ಲೆಕ್ಕದವರೇ, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಕಸ ಸುಡೋಕೆ ಯಾಕೆ ಕಷ್ಟ? ಅದರಲ್ಲಿ ನೀರಿದೆ. ಸಿಪ್ಪೆ, ಎಂಜಲು, ಹಣ್ಣಿನ ತಿರುಳಿನಲ್ಲಿ ತೂಕದ ಮುಕ್ಕಾಲು ಪಾಲು ನೀರೇ. ಅದನ್ನು ಕಾಗದ, ಪ್ಲಾಸ್ಟಿಕ್ ಜೊತೆ ಬೆರೆಸಿ ಕುಲುಮೆಗೆ ಹಾಕಿದರೆ ಬೆಂಕಿಯ ಶಾಖವೆಲ್ಲ ಮೊದಲು ಆ ನೀರನ್ನು ಆವಿ ಮಾಡೋಕೇ ಹೋಗುತ್ತದೆ. ಬೇರೆ ಇಂಧನ ಸುರಿಯಬೇಕಾಗುತ್ತದೆ. ಹಸಿ ಕಸ ಬೇರೆ ಮಾಡದ ಊರುಗಳಲ್ಲಿ ಇಂಥ ಘಟಕಗಳು ಏದುಸಿರು ಬಿಡುವುದು ಇದಕ್ಕೇ.

ವಿಶ್ವಬ್ಯಾಂಕಿನ 2018ರ ಲೆಕ್ಕ ನೋಡಿ. 2016ರಲ್ಲಿ ಜಗತ್ತಿನ ಊರುಗಳಿಂದ ಹೊರಬಿದ್ದ ಕಸ ಸುಮಾರು 201 ಕೋಟಿ ಟನ್. 2050ಕ್ಕೆ 340 ಕೋಟಿ ಟನ್ ಆಗಬಹುದು. ಅದರಲ್ಲಿ ಶೇ 44ರಷ್ಟು ಆಹಾರ ಮತ್ತು ಗಿಡಮರದ ಕಸ, ಅಂದರೆ ಕೊಳೆಯುವ ಕಸ. ಬಡ ದೇಶಗಳಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಕಸದ ಅರ್ಧ ಪಾಲು ಹೀಗೆ ಒದ್ದೆಯಾಗಿರುವಾಗ ನೀರಿನ ಲೆಕ್ಕ ಬಿಟ್ಟು ಕಸದ ಲೆಕ್ಕ ಹಾಕೋಕೆ ಬರುವುದಿಲ್ಲ.

ಅಂಚಿನಮನೆ

ನಾನು ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ನಮ್ಮ ಮನೆಯಿಂದ ಕಸ ಸುರಿಯುವ ಜಾಗ ಅರ್ಧ ಕಿಲೋಮೀಟರ್ ಕೂಡ ಇಲ್ಲ. ನಾವು ಬಂದಾಗ ಅದು ಹಳೇ ಕಲ್ಲುಕ್ವಾರಿ. ಈಗ ಗುಡ್ಡ.

ಮೊದಲು ವಾಸನೆ ಬಂತು, ಅದಕ್ಕೆ ಒಗ್ಗಿಕೊಂಡೆವು. ನೊಣ ಬಂತು, ಕಿಟಕಿಗೆ ಜಾಲರಿ ಹಾಕಿಸಿದೆವು. ಆಮೇಲೆ ಬಾವಿ ನೀರು ಬದಲಾಯಿತು. ಬೆಳಿಗ್ಗೆ ಸೇದಿಟ್ಟ ಬಿಂದಿಗೆಯ ನೀರಿನ ಮೇಲೆ ಸಂಜೆಯ ಹೊತ್ತಿಗೆ ಎಣ್ಣೆಯಂಥ ತೆಳು ಪದರ. ಬಿಳಿ ಬಕೆಟ್ಟಿನ ಒಳಗೆ ಕಂದು ಗೆರೆ, ಎಷ್ಟು ತಿಕ್ಕಿದರೂ ಹೋಗದು. ಅಮ್ಮ ಆ ನೀರಲ್ಲಿ ಬಟ್ಟೆ ಒಗೆಯುವುದನ್ನೂ ನಿಲ್ಲಿಸಿದರು.

ಗುಡ್ಡದ ಬುಡದಲ್ಲಿ ಒಂದು ಕಾಲುವೆ ಇದೆ. ಅದರಲ್ಲಿ ಹರಿಯುವುದು ಕಪ್ಪು ರಸ. ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಮಳೆ ಇಲ್ಲದಿದ್ದರೂ ಅಷ್ಟು ನೀರು ಎಲ್ಲಿಂದ ಬರುತ್ತದೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇಂಗುಗುಂಡಿ

ಅಂಚಿನಮನೆ ಅವರೇ, ಓದಿ ಮನಸ್ಸಿಗೆ ನೋವಾಯಿತು. ನಾನು ಅಂತರ್ಜಲದ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಗೊತ್ತಿದ್ದಷ್ಟು ಬರೆಯುತ್ತೇನೆ.

ಆ ಕಪ್ಪು ರಸಕ್ಕೆ ಲೀಚೇಟ್ ಅನ್ನುತ್ತಾರೆ. ಕಸದೊಳಗಿನ ನೀರೇ ಅದರ ಮೂಲ. ಹಸಿ ಕಸ ಗಾಳಿಯಿಲ್ಲದೆ ಕೊಳೆಯುತ್ತಾ, ಮೇಲಿನ ಭಾರಕ್ಕೆ ಹಿಂಡಿಕೊಂಡು ನೀರು ಬಿಡುತ್ತದೆ. ಹೋದ ಮಳೆಗಾಲದಲ್ಲಿ ಒಳಗಿಳಿದ ನೀರೂ ನಿಧಾನಕ್ಕೆ ಜಿನುಗುತ್ತದೆ. ಹೊಸ ಲೀಚೇಟ್ ಹುಳಿಯಾಗಿರುತ್ತದೆ. ಬ್ಯಾಟರಿ, ಬಣ್ಣದ ಡಬ್ಬ, ಟ್ಯೂಬ್‌ಲೈಟ್ ಹೀಗೆ ದಾರಿಯಲ್ಲಿ ಸಿಕ್ಕಿದ್ದರಿಂದೆಲ್ಲ ಲೋಹಗಳನ್ನು ಕರಗಿಸಿಕೊಂಡು ಇಳಿಯುತ್ತದೆ.

ನೀರಿನ ಕೊಳಕು ಅಳೆಯೋಕೆ ಬಿಒಡಿ ಅಂತ ಒಂದು ಅಳತೆ ಇದೆ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಮನೆಗಳ ಕೊಳಚೆ ನೀರಿನಲ್ಲಿ ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ ಇರುತ್ತದೆ. ಹೊಸ ಲೀಚೇಟಿನಲ್ಲಿ 10,000 ದಾಟುವುದು ಸಾಮಾನ್ಯ. ಅಂದರೆ ಒಂದು ಟ್ಯಾಂಕರ್ ಲೀಚೇಟ್ ಕೆರೆಗೆ ಸೇರುವುದೂ ಮೂವತ್ತು ನಲವತ್ತು ಟ್ಯಾಂಕರ್ ಕೊಳಚೆ ಸುರಿಯುವುದೂ ಒಂದೇ.

ಇನ್ನೊಂದು ಕಹಿ ವಿಷಯ. ಸುರಿಯುವುದನ್ನು ಇವತ್ತೇ ನಿಲ್ಲಿಸಿದರೂ ರಸ ದಶಕಗಳ ಕಾಲ ಇಳಿಯುತ್ತದೆ. ಅದಕ್ಕೇ ಕಸ ಹೂಳುವ ಹೊಸ ಜಾಗಗಳಲ್ಲಿ ಬುಡಕ್ಕೆ ಜೇಡಿಮಣ್ಣಿನ ಪದರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸು, ರಸ ಹಿಡಿಯೋಕೆ ಕೊಳವೆ ಹಾಕುತ್ತಾರೆ. ಹಳೇ ಕ್ವಾರಿಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಬಂಡೆಯ ಬಿರುಕಿನಲ್ಲೇ ಇಳಿದುಹೋಗುತ್ತದೆ. ದಯವಿಟ್ಟು ಆ ಬಾವಿ ನೀರನ್ನು ಕಾಯಿಸಿಯೂ ಕುಡಿಯಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಮತ್ತು ನೈಟ್ರೇಟ್ (ಕೊಳೆತ ಕಸದಿಂದ ಹುಟ್ಟುವ ಸಾರಜನಕದ ಲವಣ) ಹೋಗುವುದಿಲ್ಲ.

ಜಾಲರಿ

ಗುಡ್ಡದೊಳಗಿನ ನೀರು ಜೀವವನ್ನೇ ತೆಗೆದದ್ದೂ ಇದೆ. ಇಂಡೊನೇಷ್ಯಾದ ಬಾಂಡುಂಗ್ ಹತ್ತಿರ ಲೆಯುವಿಗಾಜಾ ಅನ್ನುವ ಕಡೆ 2005ರ ಫೆಬ್ರವರಿ 21ರಂದು ಕಸದ ಗುಡ್ಡ ಜಾರಿ 143 ಜನ ಸತ್ತರು. ಅದಕ್ಕೆ ಮುಂಚೆ ಜೋರು ಮಳೆ ಸುರಿದಿತ್ತು. ಮನಿಲಾ ಪಕ್ಕದ ಪಯಾಟಾಸ್‌ನಲ್ಲಿ 2000ದ ಜುಲೈನಲ್ಲೂ ಮಳೆಯ ನಂತರ ಹೀಗೇ ಆಯಿತು. ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಬಹಳಷ್ಟು ಜನ ಆ ಗುಡ್ಡದ ಮೇಲೇ ಚಿಂದಿ ಆಯ್ದು ಬದುಕುತ್ತಿದ್ದವರು. ಮರುವರ್ಷವೇ ಫಿಲಿಪ್ಪೀನ್ಸ್ ಘನತ್ಯಾಜ್ಯದ ಹೊಸ ಕಾಯ್ದೆ ತಂದಿತು. ಮಾಡಬೇಕಾದ್ದನ್ನು ಮೊದಲೇ ಮಾಡಿದ್ದರೆ ಅಂತ ಈಗಲೂ ಅನಿಸುತ್ತದೆ.

ಹೊಸಬಳು

ನನ್ನದೊಂದು ಸಣ್ಣ ಪ್ರಶ್ನೆ. ಅಡುಗೆಮನೆಯ ಸಿಂಕಿಗೇ ರುಬ್ಬುವ ಯಂತ್ರ ಕೂರಿಸುತ್ತಾರಲ್ಲ, ಹಸಿ ಕಸ ನುಣ್ಣಗಾಗಿ ನೀರಿನ ಜೊತೆ ಹೋಗುತ್ತದೆ. ಹಾಗೆ ಮಾಡಿದರೆ ಕಸ, ನೀರು ಎರಡೂ ಒಂದೇ ಕಡೆ ಸೇರುತ್ತವೆ. ಇದೇ ಒಳ್ಳೆ ದಾರಿ ಅಲ್ವಾ?

ಜಾಲರಿ

ಸಣ್ಣ ಪ್ರಶ್ನೆಯಲ್ಲ ತಂಗಿ, ಇದು ನಮ್ಮ ಕಸುಬಿನ ದೊಡ್ಡ ಜಗಳ.

ಕೊಳವೆ ಇಳಿಜಾರಾಗಿದ್ದು, ಘಟಕ ದೊಡ್ಡದಿದ್ದು, ಅಲ್ಲಿ ಅನಿಲ ಹಿಡಿಯುವ ಮುಚ್ಚಿದ ಟ್ಯಾಂಕ್ ಇದ್ದರೆ ಒಂದು ಮಟ್ಟಿಗೆ ಸರಿ. ನಮ್ಮಂಥ ಚಿಕ್ಕ ಘಟಕಗಳಲ್ಲಿ ಆಗುವುದೇ ಬೇರೆ. ರುಬ್ಬಿದ ಕಸ ಕೊಳವೆಯ ತಳದಲ್ಲಿ ಕೂರುತ್ತದೆ. ಬಂದದ್ದು ನೀರಿನ ಕೊಳೆಯನ್ನು ಹೆಚ್ಚಿಸುತ್ತದೆ. ಅದನ್ನು ತಿನ್ನಿಸೋಕೆ ಗಾಳಿ ಊದಬೇಕು. ಇಂಥ ಘಟಕಗಳ ವಿದ್ಯುತ್ ಖರ್ಚಿನ ಅರ್ಧದಷ್ಟು ಆ ಗಾಳಿ ಊದುವುದಕ್ಕೇ ಹೋಗುತ್ತದೆ. ಗೊಬ್ಬರವಾಗಬೇಕಿದ್ದ ಸಿಪ್ಪೆಯನ್ನು ಕುಡಿಯಬಹುದಾದ ನೀರಲ್ಲಿ ಕದಡಿ, ಆಮೇಲೆ ವಿದ್ಯುತ್ ಸುಟ್ಟು ಬೇರೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಎರಡನ್ನೂ ಒಂದೇ ಕಡೆ ನಿಭಾಯಿಸುವುದು ಬೇರೆ, ಮೂಲದಲ್ಲೇ ಬೆರೆಸುವುದು ಬೇರೆ. ಸಿಂಗಪುರದ ಟುವಾಸ್ ನೆಕ್ಸಸ್ ಯೋಜನೆಯ ಲೆಕ್ಕಾಚಾರ ನೋಡಿ. ನೀರು ಶುದ್ಧಿ ಮಾಡುವ ಘಟಕವನ್ನೂ ಕಸದ ಘಟಕವನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಆಹಾರದ ಕಸ ಬೇರೆಯಾಗಿಯೇ ಬರಬೇಕು. ಕೊಳಚೆಯ ಕೆಸರಿನ ಜೊತೆ ಅದನ್ನು ಮುಚ್ಚಿದ ಟ್ಯಾಂಕಿನಲ್ಲಿ ಕೊಳೆಸಬೇಕು. ಎರಡೂ ಸೇರಿದರೆ ಬಯೋಗ್ಯಾಸ್ ಜಾಸ್ತಿ ಹುಟ್ಟುತ್ತದೆ. ಕಸದ ಕಡೆ ಹುಟ್ಟಿದ ವಿದ್ಯುತ್ ನೀರಿನ ಕಡೆಗೆ, ಶುದ್ಧಿಯಾದ ನೀರು ಕಸದ ಕಡೆಗೆ. ಅಲ್ಲಿ ಬೆರೆಸುವ ಜಾಗವನ್ನು ಯೋಚಿಸಿ ಆರಿಸಿದ್ದಾರೆ. ಸಿಂಕಿನಲ್ಲಿ ನಮಗೆ ಆ ಆಯ್ಕೆಯೇ ಇರುವುದಿಲ್ಲ.

ಇಂಗುಗುಂಡಿ

ಯಂತ್ರವೇ ಜಾಸ್ತಿ ಇಲ್ಲದೆ ಇದನ್ನು ಮಾಡಿದ ಜಾಗವೂ ಒಂದಿದೆ. ಪೂರ್ವ ಕೋಲ್ಕತ್ತದ ಜೌಗು ಭೂಮಿ. ನನಗೆ ಅದರ ಮೇಲೆ ತುಂಬ ಗೌರವ.

ಸುಮಾರು 12,500 ಹೆಕ್ಟೇರ್. ನಗರದ ಕೊಳಚೆ ನೀರು ಕಾಲುವೆಗಳಲ್ಲಿ ಬಂದು ಆಳವಿಲ್ಲದ ಕೊಳಗಳಿಗೆ ಸೇರುತ್ತದೆ. ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ. ಪಾಚಿ ಬಿಡುವ ಆಮ್ಲಜನಕದಲ್ಲಿ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತದೆ. ಪಾಚಿಯನ್ನು ಮೀನು ತಿನ್ನುತ್ತದೆ. ಕೊಳದಿಂದ ಹೊರಬಿಟ್ಟ ನೀರು ಹೊಲಗಳಿಗೆ ಹೋಗುತ್ತದೆ. ಪಕ್ಕದ ಧಾಪಾದಲ್ಲಿ ಹಳೇ ಕಸದ ಮಣ್ಣಿನ ಮೇಲೆ ತರಕಾರಿ ಬೆಳೆಯುತ್ತಾ ಬಂದಿದ್ದಾರೆ. ಇದನ್ನು ಕಟ್ಟಿದವರು ಮೀನುಗಾರರು, ರೈತರು. ಎಂಜಿನಿಯರ್ ಧ್ರುಬಜ್ಯೋತಿ ಘೋಷ್ ಅದರ ಬೆಲೆಯನ್ನು ಜಗತ್ತಿಗೆ ತಿಳಿಸಿದರು. 2002ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಆದರೆ ಒಂದು ಎಚ್ಚರಿಕೆ. ಪಾಚಿ, ಬ್ಯಾಕ್ಟೀರಿಯಾ ಮಲವನ್ನು ತಿನ್ನಬಲ್ಲವು. ಸೀಸವನ್ನೋ ಕ್ರೋಮಿಯಮ್ಮನ್ನೋ ತಿನ್ನಲಾರವು. ಕಾರ್ಖಾನೆಯ ನೀರು, ಲೋಹ ಬೆರೆತ ಕಸ ಇಂಥ ಜಾಗಕ್ಕೆ ಸೇರಿದರೆ ಅದು ಮೀನಿನಲ್ಲೂ ಸೊಪ್ಪಿನಲ್ಲೂ ಕೂರುತ್ತದೆ. ಪ್ರಕೃತಿ ಎಲ್ಲವನ್ನೂ ಸರಿಮಾಡುತ್ತದೆ ಅಂತ ಸುಮ್ನೆ ಹೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಲೆಕ್ಕದವರು

ಒಪ್ಪಿದೆ. ಸುಡುವ ವಿಷಯದಲ್ಲಿ ನಾನು ಪೂರ್ತಿ ಯೋಚಿಸಿರಲಿಲ್ಲ. ಆದರೂ ದೊಡ್ಡ ಕೊಳವೆಯ ಮಾತು ಬಿಡುವುದಿಲ್ಲ. ಮಳೆ ಜೋರಾದರೆ ಕಸವಿಲ್ಲದಿದ್ದರೂ ನೀರು ನಿಲ್ಲುತ್ತದೆ.

ಜಾಲರಿ

ಅದೂ ನಿಜವೇ. ಮುಂಬೈಯಲ್ಲಿ 2005ರ ಜುಲೈ 26ರಂದು 24 ತಾಸಿನಲ್ಲಿ 944 ಮಿಲಿಮೀಟರ್ ಸುರಿಯಿತು. ಅಂಥ ಮಳೆಯನ್ನು ಯಾವ ಚರಂಡಿಯೂ ತಾಳುತ್ತಿರಲಿಲ್ಲ. ಆದರೆ ಇರುವ ಚರಂಡಿಯನ್ನು ಮುಚ್ಚಿಕೊಂಡು ಕೂರೋಕೆ ಅದು ನೆಪವಾಗಬಾರದು. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ನೆರೆಯಲ್ಲಿ ತೆಳು ಪಾಲಿಥೀನ್ ಚೀಲಗಳು ಚರಂಡಿಗಳನ್ನು ಮುಚ್ಚಿಹಾಕಿದ್ದು ದೊಡ್ಡ ಸುದ್ದಿಯಾಯಿತು. 2002ರಲ್ಲಿ ಅವರು ಆ ಚೀಲಗಳನ್ನೇ ನಿಷೇಧಿಸಿದರು. ನೀರಿನ ತೊಂದರೆಗೆ ಕಸದ ಕಾನೂನು ಬಂದದ್ದು ನೋಡಿ.

ಮಳೆಹನಿ

ಎಲ್ಲರಿಗೂ ತುಂಬ ಧನ್ಯವಾದ. ಇದನ್ನೆಲ್ಲ ಓದಿ ಎರಡೂ ಸಮಿತಿಯವರನ್ನು ಕರೆದುಕೊಂಡು ಇಡೀ ಆವರಣ ಸುತ್ತಿದೆ. ಆಗ ಕಂಡದ್ದನ್ನು ಹೇಳಲೇಬೇಕು.

ನಮ್ಮಲ್ಲಿ ಹಸಿ ಕಸದ ಗೊಬ್ಬರದ ತೊಟ್ಟಿಗಳಿವೆ. ಕಸದ ಸಮಿತಿಗೆ ಅದು ಹೆಮ್ಮೆ, ನನಗೂ ಹೆಮ್ಮೆ. ಮಳೆ ನೀರು ಇಂಗಿಸುವ ಬಾವಿಯೂ ಇದೆ. ಅದು ನೀರಿನ ಸಮಿತಿಯ ಹೆಮ್ಮೆ. ಎರಡರ ನಡುವೆ ಹತ್ತು ಹೆಜ್ಜೆ. ತೊಟ್ಟಿಯ ಬುಡದಿಂದ ಚಹಾ ಬಣ್ಣದ ರಸ ಜಿನುಗಿ, ಸಿಮೆಂಟಿನ ಮೇಲೆ ಬೆರಳಗಲದ ಗೆರೆಯಾಗಿ ಹರಿದು, ಸೀದಾ ಇಂಗುಬಾವಿಯ ಕಾಲುವೆಗೆ ಇಳಿಯುತ್ತಿತ್ತು. ಗೆರೆಯ ಅಂಚಿನಲ್ಲಿ ಹಸಿರು ಪಾಚಿ ಕಟ್ಟಿತ್ತು. ಅಂದರೆ ನಿನ್ನೆ ಮೊನ್ನೆಯದಲ್ಲ.

ನಾವು ಮೂವರೂ ಮಾತಾಡದೆ ನಿಂತುಬಿಟ್ಟೆವು. ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದೆವು. ಕಸದವರು ತೊಟ್ಟಿ ನೋಡುತ್ತಿದ್ದರು, ನೀರಿನವರು ಬಾವಿ ನೋಡುತ್ತಿದ್ದರು. ಗೆರೆಯನ್ನು ಯಾರೂ ನೋಡಿರಲಿಲ್ಲ.

ಬಾವಿ ನೀರು ಪರೀಕ್ಷೆಗೆ ಕೊಟ್ಟೆವು. ಕೋಲಿಫಾರಂ ಇದೆ, ಅಂದರೆ ಮಲ, ಕೊಳೆ ಬೆರೆತಿರಬಹುದು ಅಂತ ಸೂಚಿಸುವ ಬ್ಯಾಕ್ಟೀರಿಯಾ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಮಿತಿ ದಾಟಿದೆ. ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡಿದ್ದ ಎರಡು ಕೆಲಸ ಒಂದನ್ನೊಂದು ಕೆಡಿಸುತ್ತಿದ್ದವು. ಈಗ ಏನು ಮಾಡಲಿ?

ಇಂಗುಗುಂಡಿ

ಮೊದಲು ಇವತ್ತೇ ಆ ಕಾಲುವೆಗೆ ಇಟ್ಟಿಗೆ, ಸಿಮೆಂಟು ಹಾಕಿ ಅಡ್ಡಕಟ್ಟೆ ಕಟ್ಟಿಸಿ. ಒಂದು ಗೇಣು ಎತ್ತರ ಸಾಕು. ಆ ನೀರನ್ನು ಸದ್ಯಕ್ಕೆ ಯಾರೂ ಕುಡಿಯಬಾರದು. ಹಾಲುಗೂಸುಗಳಿಗೆ ನೈಟ್ರೇಟ್ ಬಹಳ ಅಪಾಯ, ರಕ್ತ ಆಮ್ಲಜನಕ ಒಯ್ಯುವುದನ್ನೇ ಕುಗ್ಗಿಸುತ್ತದೆ. ಚಾವಣಿಯ ನೀರು ಮಾತ್ರ ಬಾವಿಗೆ ಹೋಗಲಿ. ನೆಲದ ಮೇಲೆ ಹರಿದು ಬಂದ ನೀರು ಬೇಡವೇ ಬೇಡ.

ತಿಪ್ಪೆಗುಂಡಿ

ಗೊಬ್ಬರದ ಕಡೆಯದ್ದು ನಾನು ಹೇಳುತ್ತೇನೆ. ರಸ ಸುರಿಯುತ್ತಿದೆ ಅಂದರೆ ರಾಶಿ ತೀರಾ ಒದ್ದೆ. ಒಂದು ಹಿಡಿ ಗೊಬ್ಬರ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಹದ ಸರಿ. ಧಾರೆ ಬಂದರೆ ನೀರು ಜಾಸ್ತಿ. ಹನಿಯೇ ಬರದೆ ಪುಡಿಯಾದರೆ ಒಣಗಿದೆ. ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರಿದ್ದರೆ ಸಾಕು.

ಒದ್ದೆಯಾದರೆ ಮದ್ದು ಒಣ ಎಲೆ. ಒಂದು ಬುಟ್ಟಿ ಹಸಿ ಕಸಕ್ಕೆ ಕನಿಷ್ಠ ಒಂದು ಬುಟ್ಟಿ ತರಗು. ತರಗಿನಲ್ಲಿ ಇಂಗಾಲ ಜಾಸ್ತಿ, ಹಸಿ ಕಸದಲ್ಲಿ ಸಾರಜನಕ ಜಾಸ್ತಿ; ಇಂಗಾಲ ಮತ್ತು ಸಾರಜನಕ 25-30ಕ್ಕೆ ಒಂದರ ಹದದಲ್ಲಿದ್ದರೆ ವಾಸನೆ ಬರುವುದಿಲ್ಲ. ತರಗು ಹಾಕದ್ದರಿಂದ ಆ ಸಾರಜನಕವೇ ನೈಟ್ರೇಟ್ ಆಗಿ ನಿಮ್ಮ ಬಾವಿಗೆ ಇಳಿದದ್ದು. ತೊಟ್ಟಿಗೆ ಮಳೆ ಬೀಳದ ಹಾಗೆ ಮೇಲೆ ಸೂರು ಹಾಕಿಸಿ. ಬುಡದ ರಸವನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ಹೊಸ ತರಗಿನ ಮೇಲೇ ಚಿಮುಕಿಸಿ. ಹೊರಗೆ ಒಂದು ಹನಿ ಬಿಡಬೇಕಿಲ್ಲ.

ಸರಿಯಾದ ರಾಶಿ ಮೂರನೇ ದಿನಕ್ಕೆ ಬಿಸಿಯೇರುತ್ತದೆ. ನಡುವೆ ಕೈ ಇಟ್ಟರೆ ತಾಳಲಾಗದು, 55 ಡಿಗ್ರಿ ದಾಟಿರುತ್ತದೆ. ಬೆಳಿಗ್ಗೆ ಕೆದಕಿದಾಗ ಹಬೆ ಏಳುವುದು ನೋಡಿದರೆ ನಿಮಗೆ ಖುಷಿಯಾಗುತ್ತದೆ.

ಮಳೆಹನಿ

ನಮ್ಮ ಶುದ್ಧೀಕರಣ ಘಟಕದ ಕೆಸರನ್ನೂ ಆ ತೊಟ್ಟಿಗೇ ಹಾಕಬಹುದಾ ಸರ್? ಈಗ ಯಾರೋ ಬಂದು ಎಲ್ಲಿಗೋ ಒಯ್ಯುತ್ತಾರೆ.

ಜಾಲರಿ

ಮನೆ ಮಂದಿ ಕೈಹಾಕುವ ತೊಟ್ಟಿಗೆ ಬೇಡ. ಮಲದ ಕೆಸರಿನಲ್ಲಿ ಹುಳುವಿನ ಮೊಟ್ಟೆ, ರೋಗಾಣು ಇರುತ್ತವೆ. ಅಮೆರಿಕದ ಪರಿಸರ ಸಂಸ್ಥೆಯ ನಿಯಮ ಹೀಗಿದೆ: ಮುಚ್ಚಿದ ಪಾತ್ರೆಯಲ್ಲಾದರೆ 55 ಡಿಗ್ರಿಯಲ್ಲಿ 3 ದಿನ, ತೆರೆದ ಉದ್ದ ರಾಶಿಯಲ್ಲಾದರೆ 15 ದಿನ, ಅಷ್ಟರಲ್ಲಿ ಐದು ಸಲ ತಿರುವಬೇಕು. ಅಷ್ಟು ಶಿಸ್ತು ಇದ್ದರೆ ಬೇರೆ ಜಾಗದಲ್ಲಿ, ಬೇರೆ ಸಲಿಕೆಯಲ್ಲಿ ಮಾಡಿ. ಆದರೆ "ಎಲ್ಲಿಗೋ ಒಯ್ಯುತ್ತಾರೆ" ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಎಷ್ಟೋ ಸಲ ಅದು ಮುಂದಿನ ಊರಿನ ಕೆರೆಗೇ ಹೋಗಿರುತ್ತದೆ.

ಇನ್ನೊಂದು ಮಾತು. ಚೇಂಬರು, ಟ್ಯಾಂಕು ಕಟ್ಟಿಕೊಂಡಾಗ ಯಾರನ್ನೂ ಒಳಗೆ ಇಳಿಸಬೇಡಿ. ಎಷ್ಟೇ ಅವಸರವಿರಲಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಹೋಯಿತು ಅಂದುಕೊಂಡು ಇಳಿದವರು ಮೇಲೆ ಬರುವುದಿಲ್ಲ. ನಾವು ಹಾಕಿದ ಒಂದು ಡೈಪರ್ ತೆಗೆಯೋಕೆ ಒಬ್ಬ ಮನುಷ್ಯ ಇಳಿಯಬೇಕಾದ ಸ್ಥಿತಿ ಬರಲೇಬಾರದು.

ಅಂಚಿನಮನೆ

ಈ ಕೊನೆಯ ಮಾತಿಗೆ ನಿಮಗೆ ಕೈಮುಗಿಯುತ್ತೇನೆ. ಒಂದು ಕೇಳಿಕೊಳ್ಳುತ್ತೇನೆ, ಎಲ್ಲರೂ ನಿಮ್ಮ ಹಸಿ ಕಸ ನಿಮ್ಮಲ್ಲೇ ನಿಲ್ಲಿಸಿ. ನಿಮ್ಮ ಮನೆಯ ಒಂದು ಬುಟ್ಟಿ ಕಡಿಮೆಯಾದರೆ ನಮ್ಮ ಬಾವಿಗೆ ಅಷ್ಟು ರಸ ಕಡಿಮೆ.

ಲೆಕ್ಕದವರು

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ತೆಗೆದು ನೋಡಿದೆ. ಸಂಸ್ಕರಿಸದ ಕೊಳಚೆಯ ಪ್ರಮಾಣವನ್ನು 2030ರೊಳಗೆ ಅರ್ಧಕ್ಕಿಳಿಸುವುದು 6ನೇ ಗುರಿಯಲ್ಲಿದೆ. ನಗರದ ಕಸ 11ರಲ್ಲಿ, ಕಸ ಹುಟ್ಟುವುದನ್ನೇ ತಗ್ಗಿಸುವುದು 12ರಲ್ಲಿ. ಅಲ್ಲೂ ಬೇರೆ ಬೇರೆ ಪುಟ. ಆದರೆ ಮಳೆಹನಿ ಅವರ ಆ ಚಹಾ ಬಣ್ಣದ ಗೆರೆ ಮೂರೂ ಪುಟಗಳನ್ನು ದಾಟಿ ಹರಿದಿದೆ. ಸಮಿತಿ ಒಂದು ಮಾಡಿ ಅಂತ ಈಗ ನಾನೂ ಹೇಳುತ್ತೇನೆ.

ಮಳೆಹನಿ

ಆರು ವಾರದ ನಂತರ ಬರೆಯುತ್ತಿದ್ದೇನೆ. ಸಮಿತಿ ಒಂದಾಯಿತು. ಲೆಕ್ಕದ ಪುಸ್ತಕವೂ ಒಂದೇ. ಅಡ್ಡಕಟ್ಟೆ ಕಟ್ಟಿದೆವು, ತೊಟ್ಟಿಗೆ ಸೂರು ಬಂತು. ಆಮೇಲೆ ಎರಡು ದೊಡ್ಡ ಮಳೆ ಆಯಿತು. ಮೊದಲನೆಯದರಲ್ಲಿ ನೆಲಮಾಳಿಗೆಗೆ ಪಾದ ಮುಳುಗುವಷ್ಟು ಬಂತು, ಎರಡನೆಯದರಲ್ಲಿ ಬರಲಿಲ್ಲ. ಪ್ರತಿ ಶನಿವಾರ ಚೇಂಬರಿನ ಮುಚ್ಚಳ ತೆಗೆದು ಸಿಕ್ಕಿದ್ದನ್ನು ಫೋಟೋ ತೆಗೆದು ಎಲ್ಲ ಮನೆಗೂ ಕಳಿಸುತ್ತೇವೆ. ಕವರು ನಿಂತಿದೆ. ಟಿಶ್ಯೂ ಇನ್ನೂ ಬರುತ್ತಿದೆ. ಡೈಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡುವ ವ್ಯವಸ್ಥೆ ಮಾಡಿದ್ದೇವೆ, ಅರ್ಧದಷ್ಟು ಮನೆಯವರು ಕೊಡುತ್ತಿದ್ದಾರೆ. ಕೆಸರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ. ಮುಂದಿನ ಗಾಡಿಯ ಹಿಂದೆ ನಾವಿಬ್ಬರು ಹೋಗುತ್ತೇವೆ.

ಬಾವಿ ನೀರಿನ ಎರಡನೇ ಮಾದರಿ ನಾಳೆ ತೆಗೆಯಬೇಕು. ಹೋದ ಸಲ ತಪ್ಪು ಮಾಡಿರಬಹುದಾ ಅಂತ ಅಳುಕಿದೆ.

ಇಂಗುಗುಂಡಿ

ಕೋಲಿಫಾರಂ ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧ ಬಾಟಲಿಯೇ ಬೇಕು, ಮನೆಯ ಬಾಟಲಿ ಬೇಡ. ಪಂಪು ಐದು ನಿಮಿಷ ಓಡಿಸಿ, ಆಮೇಲೆ ಹಿಡಿಯಿರಿ. ಬಾಟಲಿಯ ಬಾಯಿಗೂ ಮುಚ್ಚಳದ ಒಳಗೂ ಬೆರಳು ತಾಗಬಾರದು. ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ. ನೈಟ್ರೇಟ್ ಒಂದೇ ಸಲಕ್ಕೆ ಇಳಿಯುವುದಿಲ್ಲ, ಮಣ್ಣಿನಲ್ಲಿ ಈಗಾಗಲೇ ಇರುವುದು ಇಳಿದು ಬರುತ್ತಲೇ ಇರುತ್ತದೆ. ಈ ಸಲ ಅಂಕಿ ಏರಿದ್ದರೂ ಗಾಬರಿಯಾಗಬೇಡಿ. ಮೂರು ತಿಂಗಳಿಗೊಮ್ಮೆ ತೆಗೆಯುತ್ತಾ, ಮಳೆ ಬಂದ ದಿನಗಳನ್ನು ಪಕ್ಕದಲ್ಲೇ ಬರೆದಿಡಿ.